ಖಬರಗೇಡಿಯ ಪಿತ್ತ

ನಮ್ಮ ಕಡೆ ಗಂಡಸರು ಕುಡಿಯುವುದನ್ನು ಬಿಟ್ಟರೆ ಅದಕ್ಕೊಂದು ಹೆಸರಿದೆ: ಶ್ರಾವಣ. ಆ ಒಂದು ತಿಂಗಳು ಅವರು ಮುಟ್ಟುವುದಿಲ್ಲ. ಮುಟ್ಟುವುದಿಲ್ಲ ಎಂಬುದನ್ನು ಓಣಿಗೆಲ್ಲ ಗೊತ್ತುಮಾಡುತ್ತಾರೆ. ನನ್ನ ಮೈದುನ ಬಸು ಶ್ರಾವಣ ಹಿಡಿದನೆಂದರೆ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಸೋಮವಾರಕ್ಕೊಮ್ಮೆ ಹೋಳಿಗೆ, ಸಂಜೆಗೆ ಮಿರ್ಚಿ ಭಜಿ, ಬಂದವರ ಮುಂದೆಲ್ಲ ಅತ್ತೆಯ ಹೊಗಳಿಕೆ: "ನಮ್ಮ ಬಸು ಮನಸ ಮಾಡಿದ್ರ ಮುಗೀತ ನೋಡ್ರಿ." ಹೆಂಗಸರು ಬಿಟ್ಟರೆ ಅದಕ್ಕೆ ಹೆಸರೇ ಇಲ್ಲ. ಬಿಡಬೇಕಾದರೆ ಮೊದಲು ಕುಡಿಯುತ್ತಿರಬೇಕಲ್ಲ? ನಮ್ಮ ಮನೆಯ ಹೆಂಗಸರು ಕುಡಿಯುವುದಿಲ್ಲ. ನಾನು ಕುಡಿಯುತ್ತಿದ್ದ ವರ್ಷಗಳಲ್ಲೂ ಕುಡಿಯುತ್ತಿರಲಿಲ್ಲ. ನನಗೆ ಪಿತ್ತವಿತ್ತು.

ಈ ಪಿತ್ತವನ್ನು ಕಂಡುಹಿಡಿದವರು ಅತ್ತೆ. ಭಾನುವಾರ ಬೆಳಿಗ್ಗೆ ನಾನು ತಲೆ ಹಿಡಿದುಕೊಂಡು ಬಚ್ಚಲಿಗೆ ಓಡಿದರೆ, ಅವರು ರೊಟ್ಟಿ ಬಡಿಯುತ್ತಲೇ "ಶೈಲಾಗ ಪಿತ್ತ ಭಾಳ" ಎಂದು ಪಕ್ಕದ ಮನೆಗೆ ಕೇಳುವಂತೆ ಹೇಳುತ್ತಿದ್ದರು. ಆಮೇಲೆ ಜೀರಿಗೆ, ಕೊತ್ತಂಬರಿ ಬೀಜ ಕುದಿಸಿದ ಕಷಾಯ. ಪಕ್ಕದ ಮನೆಯಾಕೆ ಬಂದು ನನ್ನ ನಾಲಿಗೆ ಚಾಚಿಸಿ ನೋಡಿ, "ಹೌದ್ರಿ, ಹಳದಿ ಆಗೇತಿ" ಎಂದು ಒಪ್ಪಿಗೆ ಕೊಡುತ್ತಿದ್ದಳು. ನನ್ನ ಗಂಡ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಇಡೀ ಮನೆ ಸೇರಿ ಒಂದು ಸುಳ್ಳನ್ನು ಇಷ್ಟು ಶಿಸ್ತಿನಿಂದ ಸಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಷ್ಟೇ ಶಿಸ್ತಿನಿಂದ ಯಾರಾದರೂ ಒಬ್ಬರು "ಯಾಕ ಕುಡೀತಿ?" ಎಂದು ಕೇಳಿದ್ದರೆ ನಾನು ಅಲ್ಲೇ ಕೂತು ಅತ್ತುಬಿಡುತ್ತಿದ್ದೆ.

ಯಾಕೆಂದರೆ, ನನ್ನ ತಲೆಯೊಳಗೆ ಒಂದು ಬಸ್‌ಸ್ಟ್ಯಾಂಡಿದೆ. ಎಲ್ಲ ಕಂಡಕ್ಟರುಗಳೂ ಒಮ್ಮೆಗೇ ಗದಗ, ಬೆಳಗಾವಿ, ಕಾರವಾರ ಎಂದು ಕೂಗುತ್ತಿರುತ್ತಾರೆ. ನಾನು ಯಾವ ಬಸ್ಸನ್ನೂ ಹತ್ತದೆ ಬ್ಯಾಗು ಹಿಡಿದು ನಿಂತಿರುತ್ತೇನೆ. ಸಾಲೆಯಲ್ಲಿ ಮಾಸ್ತರು ಇದಕ್ಕಿಟ್ಟ ಹೆಸರು ಖಬರಗೇಡಿ, ಮೈಮೇಲೆ ಎಚ್ಚರವಿಲ್ಲದವಳು. ಹೆಸರು ತವರಿನಿಂದ ನನ್ನ ಜೊತೆಗೇ ಬಂತು. ಹಾಲು ಉಕ್ಕಿಸಿದರೆ ಖಬರಗೇಡಿ, ಗ್ಯಾಸ್ ಆರಿಸುವುದನ್ನು ಮರೆತರೆ ಖಬರಗೇಡಿ, ಕಚೇರಿಯಲ್ಲಿ ಒಬ್ಬರ ಫೈಲಿಗೆ ಇನ್ನೊಬ್ಬರ ಕಾಗದ ಸೇರಿಸಿದರೆ, ಅದನ್ನೇ ಸ್ವಲ್ಪ ಇಂಗ್ಲಿಷಿನಲ್ಲಿ. ಕಚೇರಿಯವರೊಂದಿಗೆ ಗೋವಾಕ್ಕೆ ಹೋದಾಗ ಯಾರೋ ಕೈಗೆ ಗ್ಲಾಸು ಕೊಟ್ಟರು. ನಾಲ್ಕು ಗುಟುಕಿಗೆ ಕಂಡಕ್ಟರುಗಳೆಲ್ಲ ಚಹಾ ಕುಡಿಯಲು ಹೋದರು. ಅಂಥ ಮೌನವನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಲ್ಲಿಂದಾಚೆಗೆ ಗೋವಾದಿಂದ ಚಪ್ಪಟೆ ಬಾಟಲಿಗಳು ಬರತೊಡಗಿದವು. ಅವನ್ನು ಎಲ್ಲಿ ಬಚ್ಚಿಟ್ಟೆನೆಂಬುದನ್ನು ನಾನೇ ಮರೆಯುತ್ತಿದ್ದೆ. ಕುಡಿದದ್ದಕ್ಕಿಂತ ಹುಡುಕಿದ್ದೇ ಹೆಚ್ಚು.

ಕೊನೆಗೆ, ಮರೆವು ಅತಿಯಾಯಿತೆಂದು ಧಾರವಾಡದ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ತಾಸುಗಟ್ಟಲೆ ಮಾತಾಡಿಸಿ, ಗಮನ ಒಂದು ಕಡೆ ನಿಲ್ಲದ ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಚಿಕ್ಕಂದಿನಿಂದಲೂ ಇದೆ, ನಿಮ್ಮ ತಪ್ಪಲ್ಲ ಎಂದರು. ತಪ್ಪಲ್ಲ ಎಂಬ ಮಾತನ್ನು ಕೇಳಲು ತಲೆಯಲ್ಲಿ ಬಿಳಿ ಕೂದಲು ಬರಬೇಕಾಯಿತು. ಸಿಟ್ಟು ಬಂತು, ಯಾರ ಮೇಲೆ ಮಾಡುವುದು? ಮಾಸ್ತರು ತೀರಿಕೊಂಡಿದ್ದರು. ಮನೆಗೆ ಬಂದು ಹೇಳಿದರೆ ಗಂಡ, "ಅದು ಸಾಲಿ ಹುಡುಗೂರಿಗೆ ಬರೂದಲ್ಲ? ನಿನಗ ಈ ವಯಸ್ಸಿನ್ಯಾಗ ಯಾಕ?" ಎಂದ, ಯಾರೋ ಮಕ್ಕಳ ಫ್ರಾಕು ಕಸಿದುಕೊಂಡು ತೊಟ್ಟವಳನ್ನು ಕೇಳುವಂತೆ. ಮಾತ್ರೆ ಬೇಕಾದರೆ ಕುಡಿತ ಬಿಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಬಿಟ್ಟೆ. ನಿದ್ದೆ ಹೋಯಿತು, ಕಂಡಕ್ಟರುಗಳೆಲ್ಲ ಗಂಟಲು ಸರಿಮಾಡಿಕೊಂಡು ವಾಪಸು ಬಂದರು. ಮರೆವಿನ ಮಾತ್ರೆ ನುಂಗುವುದನ್ನೇ ಮರೆತೆ. ಮೊದಲೆಲ್ಲ ಎಷ್ಟು ಹುಡುಕಿದರೂ ಸಿಗದ ಬಾಟಲಿಗಳು ಈಗ ಹಾಸಿಗೆ ಗಂಟಿನಿಂದ, ಚಳಿಗಾಲದ ಶಾಲಿನೊಳಗಿಂದ ತಾವಾಗಿ ಹೊರಬರತೊಡಗಿದವು. ಒಂದೊಂದನ್ನೂ ಮೋರಿಗೆ ಸುರಿಯುವಾಗ ನನ್ನ ಸ್ಥಿತಿ ಏನೆಂದು ಕೇಳಬೇಡಿ. ಇದಕ್ಕೆಲ್ಲ ಹೋಳಿಗೆ ಇರಲಿಲ್ಲ. "ಪಿತ್ತ ಇಳೀತು, ನನ್ನ ಕಷಾಯ ಹತ್ತೇತಿ" ಎಂದು ಅತ್ತೆ ಓಣಿಗೆಲ್ಲ ಹೇಳಿದರು. ಪಕ್ಕದ ಮನೆಯಾಕೆ ಬಂದು ಕಷಾಯ ಮಾಡುವ ರೀತಿ ಕೇಳಿಕೊಂಡು ಹೋದಳು.

ಈ ವರ್ಷ ಶ್ರಾವಣ ಮುಗಿದ ಮರುದಿನ ಸಂಜೆ ಬಸು ಪಡಸಾಲೆಯಲ್ಲಿ ಬಾಟಲಿ ತೆರೆದು ಕುಳಿತ. ಅತ್ತೆ ಶೇಂಗಾ ಹುರಿದರು: "ತಿಂಗಳಾತು, ಪಾಪ." ಬಸು ಕೂಗಿದ: "ವೈನಿ, ಐಸ್ ಐತೇನ್ರಿ?" ಐಸ್ ಟ್ರೇ ಹಿಡಿದು ಬಂದವಳಿಗೆ ಆ ವಾಸನೆ ಬಡಿಯಿತು. ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ. ಎಲ್ಲರ ಎದುರಿಗೇ ಅಂದುಬಿಟ್ಟೆ: "ನಾನೂ ಕುಡಿಯೂದು ಬಿಟ್ಟೇನಿ. ಸಂಕ್ರಾಂತಿಯಿಂದ. ನನಗ್ಯಾರು ಶೇಂಗಾ ಹುರದ್ರಿ?"

ಗಂಡ ಮೊಬೈಲ್ ನೋಡತೊಡಗಿದ. ಬಸು ಗ್ಲಾಸು ನೋಡಿದ. ಅತ್ತೆ ಮಾತ್ರ ಜೋರಾಗಿ, "ಏನ್ ಬಿಟ್ಟಿ, ಕಷಾಯಾನ? ಅದಕ್ಕ ಮತ್ತ ಪಿತ್ತ ನೆತ್ತಿಗೇರೇತಿ. ಬಾ ಇಲ್ಲೆ, ಔಡಲೆಣ್ಣಿ ಹಚ್ಚತೇನಿ" ಎಂದು ಐಸ್ ಟ್ರೇ ಸಮೇತ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಎಣ್ಣೆ ಬಾಟಲಿಯನ್ನು ಗೋಡೆಯ ಮಾಡದೊಳಗಿಂದ ತೆಗೆದರು. ಚಪ್ಪಟೆ ಬಾಟಲಿ. ನಾನು ತಿಂಗಳುಗಟ್ಟಲೆ ಹುಡುಕಿ ಬೇಸತ್ತದ್ದು.

"ಅತ್ತೀ, ಇದು..."

"ಜ್ವಾಳದ ಹಿಟ್ಟಿನ ಡಬ್ಬ್ಯಾಗಿತ್ತು. ಒಳಗಿಂದು ಮೋರ್ಯಾಗ ಚೆಲ್ಲಿದೆ. ಬಾಟ್ಲಿ ಗಟ್ಟಿ ಐತಿ, ಒಗಿಯೂದ್ಯಾಕ?"

"ಗೊತ್ತಿದ್ದೂ ಪಿತ್ತ ಅಂದ್ರ್ಯಲ್ರಿ?"

"ಮತ್ತೇನ್ ಅನ್ನಬೇಕಿತ್ತು? ನೀನ ಹೇಳು." ಅವರು ನೆತ್ತಿಗೆ ಎಣ್ಣೆ ತಟ್ಟುತ್ತಾ, ಪಡಸಾಲೆಗೆ ಕೇಳದಷ್ಟು ಸಣ್ಣ ದನಿಯಲ್ಲಿ, "ಛಲೋ ಮಾಡಿದಿ" ಎಂದರು. ಆಮೇಲೆ ಶೇಂಗಾದ ತಾಟು ಎತ್ತಿಕೊಂಡು ಮಗನ ಕಡೆ ಹೋದರು.

ನಾನು ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಬರೀ ಔಡಲೆಣ್ಣೆ. ಸಮಾಧಾನವಾಯಿತೆಂದು ಬರೆಯಬೇಕು. ಆದದ್ದು ನಿರಾಶೆ.

"ವೈನಿ, ಐಸ್ ಎಲ್ಲ್ರೀ?" ಬಸು ಮತ್ತೆ ಕೂಗಿದ.

"ಎಲ್ಲಿಟ್ಟೇನೋ ಖಬರಿಲ್ಲೋ ಬಸೂ," ಎಂದೆ. "ಖಬರಗೇಡಿ!" ಎಂದು ಅತ್ತೆ ಅಲ್ಲಿಂದಲೇ ಗದರಿದರು. ಐಸು ಮೋರಿಯಲ್ಲಿತ್ತು, ಮೇಲೆ ನಳ ಬಿಟ್ಟಿದ್ದೆ. ಕೊನೆಯ ತುಣುಕು ಕರಗುವವರೆಗೂ, ಆಚೀಚೆ ಲಕ್ಷ್ಯ ಕದಲಿಸದೆ, ನೋಡುತ್ತ ನಿಂತಿದ್ದೆ.