ಎರಡು ಪಾರ್ಟಿ, ಒಂದೇ ನೊಗ

ಮೊಮ್ಮಗಳು ಕಾಲೇಜು ಸೇರಿದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡವಳ ಮನೆಯಲ್ಲಿ ತತ್ವಶಾಸ್ತ್ರ ಓದುವ ಹುಡುಗಿ! ನೀರಿಗೆ ಹೋದರೂ ನಾಲ್ಕು ಜನಕ್ಕೆ ಹೇಳಿಯೇ ಬರುತ್ತೇನೆ; ಅದೇನು ಶಾಸ್ತ್ರ ಎಂದು ಯಾರಾದರೂ ಕೇಳಿದರೆ ಮಾತ್ರ, ಕೊಡ ಭಾರ ಎಂದು ಬೇಗ ಬಂದುಬಿಡುತ್ತೇನೆ. ಮೊನ್ನೆ ಅವಳು, ರಾಜಕೀಯ ಎನ್ನುವುದು ಮನುಷ್ಯನಿಗೆ ಮಾತ್ರವೋ ಪ್ರಾಣಿಗಳಿಗೂ ಉಂಟೋ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ ಎಂದಳು. ಅಷ್ಟು ಹಿಗ್ಗಿನ ನಡುವೆಯೂ ನಮ್ಮ ಎತ್ತು ಕರಿಯ ನೆನಪಾದ.

ಚಿನ್ನದ ಗಣಿ ಇನ್ನೂ ಜೋರಾಗಿ ನಡೆಯುತ್ತಿದ್ದ ಕಾಲ. ನಾವು ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿದ್ದೆವು. ಜೋಡೆತ್ತು ಸಾಕುವ ಶಕ್ತಿ ನಮಗೂ ಇರಲಿಲ್ಲ, ಪಕ್ಕದ ಮನೆಯ ಮುನೆಂಕಟಪ್ಪನಿಗೂ ಇರಲಿಲ್ಲ. ನಮ್ಮ ಕರಿಯ, ಅವರ ಬಿಳಿಯ, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಇವತ್ತು ನಮ್ಮ ಹೊಲ, ನಾಳೆ ಅವರ ಹೊಲ ಎಂದು ಗಂಡಸರು ಉಳುತ್ತಿದ್ದರು. ಅಷ್ಟರಲ್ಲಿ ಪಂಚಾಯಿತಿ ಚುನಾವಣೆ ಬಂತು. ನಮ್ಮ ಯಜಮಾನರು ಒಬ್ಬನ ಕಡೆ, ಮುನೆಂಕಟಪ್ಪ ಇನ್ನೊಬ್ಬನ ಕಡೆ. ಮಾತು ನಿಂತಿತು, ಬೆಂಕಿ ನೀರು ಕೇಳುವುದು ನಿಂತಿತು, ನೊಗವೂ ನಮ್ಮ ಮನೆಯ ಮೂಲೆ ಸೇರಿತು. ಮಳೆ ಮಾತ್ರ ಯಾವ ಪಾರ್ಟಿಯನ್ನೂ ಕೇಳದೆ ಸುರಿದು, ನೆಲ ಬಿತ್ತನೆಗೆ ಹದವಾಗಿ ಕೂತಿತು.

ಮರುದಿನ ಬೆಳಿಗ್ಗೆ ನೋಡಿದರೆ ಕರಿಯ ಹಗ್ಗ ಕಿತ್ತುಕೊಂಡು ಅವರ ಕೊಟ್ಟಿಗೆಯಲ್ಲಿ ಬಿಳಿಯನ ಎಡಕ್ಕೆ, ನೊಗದಲ್ಲಿ ನಿಲ್ಲುವ ಹಾಗೆಯೇ ನಿಂತಿದ್ದ. ಮುನೆಂಕಟಪ್ಪ ಅವನನ್ನು ನಮ್ಮ ಬಾಗಿಲಿಗೆ ಹಿಡಿದು ತಂದ. ಯಜಮಾನರ ಮುಖ ನೋಡದೆ ಎತ್ತಿನ ಕಿವಿಗೇ ಹೇಳಿದ: “ಬಸವಣ್ಣಾ, ನಿಮ್ಮೋನಿಗೆ ಒಸಿ ಬುದ್ಧಿ ಏಳು. ನೆಲ ಇನ್ನೆಷ್ಟು ದಿನ ತಡೀತದೆ? ಓಟು ಎಲ್ಗಾದ್ರೂ ಆಕ್ಕಳ್ಲಿ, ನೊಗ ತೆಗಿ ಅನ್ನು.”

ಯಜಮಾನರು ಇನ್ನೊಂದು ಕಿವಿಗೆ ಬಗ್ಗಿದರು. “ಆ ಪಾರ್ಟಿ ಕೊಟ್ಟಿಗೇಲಿ ಮಲ್ಗಿ ಬಂದೋನು ನೀನು. ನಿನ್ ಮಾತು ನಾನ್ಯಾಕ್ಲಾ ಕೇಳ್ಲಿ?”

ನೆಲ ಒಣಗಿತು. ಗೆದ್ದವನೂ ಸೋತವನೂ ತಿಂಗಳೊಳಗೆ ಒಂದೇ ಜಟಕಾದಲ್ಲಿ ಬಂಗಾರಪೇಟೆಗೆ ಹೋಗಿ ಬರತೊಡಗಿದರು. ಬಿತ್ತನೆ ತಪ್ಪಿದ ಮುನೆಂಕಟಪ್ಪ ಬಿಳಿಯನನ್ನು ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಣಿ ಕೂಲಿಗೆಂದು ಮಾರಿಕುಪ್ಪಂಗೆ ಹೊರಟುಹೋದ. ಕರಿಯನಿಗೆ ಬೇರೊಬ್ಬರ ಮನೆಯ ಎತ್ತನ್ನು ಜೊತೆ ಕಟ್ಟಿದೆವು. ಅವನು ಎಳೆಯುತ್ತಿದ್ದ, ಇಲ್ಲವೆನ್ನುವುದಿಲ್ಲ. ಆದರೆ ಸಾಲು ತಿರುಗಿದಾಗಲೆಲ್ಲ ನಿಂತು ಬಲಕ್ಕೆ ನೋಡುತ್ತಿದ್ದ.

ಪಂಡಿತರಿಗೆ ನಾನು ಹೇಳಬಲ್ಲದ್ದು ಇಷ್ಟೇ: ನಮ್ಮೂರಲ್ಲಿ ಸಂಧಾನಕ್ಕೆ ಹೋದ ಮೊದಲನೆಯವನು ನಾಲ್ಕು ಕಾಲಿನವನು. ಇದನ್ನು ಕೇಳಿದ ಮೊಮ್ಮಗಳು, ಆಗ ನೀನೇನು ಮಾಡುತ್ತಿದ್ದೆ ಅಜ್ಜಿ ಎಂದಳು. ಎತ್ತಿಗಿದ್ದದ್ದು ಎರಡೇ ಕಿವಿ, ಎರಡನ್ನೂ ಗಂಡಸರು ಹಿಡಿದಿದ್ದರು, ನನ್ನ ಪಾಲಿಗೆ ಬಾಲ ಉಳಿದಿತ್ತು ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಅವರಿಬ್ಬರೂ ಎತ್ತಿನ ಕಿವಿ ಹಿಡಿದ ದಿನ ಸಂಜೆ ಯಜಮಾನರು ಜಗಲಿಯಲ್ಲೇ ಕೂತಿದ್ದರು, ನಾನು ಕರಿಯನ ಮುಂದೆ ಕಲಗಚ್ಚು ಇಟ್ಟು ಒಳಗೆ ಬಂದೆ. ಎರಡು ಕಿವಿಯೂ ಬಿಡುವಾಗಿಯೇ ಇದ್ದವು.