ಉರಿ ಕಾಣದ ಒಲೆ

ತೊಂದರೆ ಮನೆಗೆ ಬಂದದ್ದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಸ್ಕೂಟರಿನ ಹಿಂದಿನ ಸೀಟಿಗೆ ಹಗ್ಗ ಬಿಗಿಸಿಕೊಂಡು. ತಂದವನು ಗಡಿಬಿಡಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು ನಿಜ. ಆದರೆ ಕೂತರೆ ಕುರ್ಚಿಗೇ ಕಚಗುಳಿಯಾಗುವಂತೆ ಚಡಪಡಿಸುವ ಮನುಷ್ಯನನ್ನು ಇನ್ನೇನೆಂದು ಕರೆಯುವುದು?

ಮನೆಬಳಕೆಯ ಸಾಮಾನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಟ್ಟ ಮಾಲು ವಾಪಸ್ ತಗೊಳ್ಳುವ ಕೌಂಟರು ಅವನದು. ತಿರುಗದ ಮಿಕ್ಸಿ, ಕಾಯದ ಇಸ್ತ್ರಿಪೆಟ್ಟಿಗೆ, ಕಿರುಚುವ ಫ್ಯಾನು ಎಲ್ಲ ಅವನ ಮುಂದೆಯೇ ಬಂದು ಬೀಳುತ್ತಿದ್ದವು. ಅವುಗಳ ಜೊತೆಗೆ ಬೈಗುಳ ಬೇರೆ. ಅಂಗಡಿಯ ಯಜಮಾನರು ಶನಿವಾರ ಅವನನ್ನು ಕರೆದು ಹೇಳಿದ್ದರು:

"ಸಣ್ಣ ಗ್ಯಾಸ್ ಗ್ರಿಲ್ ಕಣಯ್ಯ, ಇನ್‌ಫ್ರಾರೆಡ್ಡು. ಅಗ್ಗದ ಮಾಲು. ನಾಳೆ ಮನೇಲಿ ಸುಟ್ಟು ನೋಡು, ಸಂಜೆ ನಾನೇ ಬರ್ತೀನಿ. ತರಿಸ್ಬೇಕಾ ಬೇಡ್ವಾ, ಒಂದೇ ಮಾತು. ಸರಿಯಾಗಿ ತೂಗಿ ಹೇಳಿದ್ರೆ ನಿನ್ನ ಆ ಕೌಂಟರಿಂದ ಬಿಡಿಸ್ತೀನಿ."

ಆ ರಾತ್ರಿ ಗಡಿಬಿಡಿಯ ಕನಸಿನಲ್ಲಿ ಯಾರೂ ಬೈಯಲಿಲ್ಲ.

ಭಾನುವಾರ ಬೆಳಗ್ಗೆ ತಾರಸಿಯ ಮೇಲೆ ಗ್ರಿಲ್ ಕೂತಿತು. ನೋಡಲಿಕ್ಕೆ ಕಾಲು ಬಂದ ಸೂಟ್‌ಕೇಸು. ಹೆಂಡತಿ ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಅವನು ನಾಬ್ ತಿರುಗಿಸಿ ಹೊತ್ತಿಸಿದ. 'ಟಕ್' ಅಂತು. ಅಷ್ಟೇ. ಉರಿ ಇಲ್ಲ, ಹೊಗೆ ಇಲ್ಲ, ಒಂದು ಕಿಡಿಯೂ ಇಲ್ಲ. ಆದರೂ ಗ್ರಿಲ್ಲಿನ ತಟ್ಟೆಯ ಮೇಲೆ ಅಂಗೈ ಹಿಡಿದರೆ ಝಳ ಬಡಿಯುತ್ತಿತ್ತು. ನಾಲ್ಕು ಜೋಳದ ತೆನೆ ಜೋಡಿಸಿದ. ಉಪ್ಪು ಮರೆತದ್ದು ನೆನಪಾಗಿ ಕೆಳಗೆ ಓಡಿದ.

ಅಷ್ಟರಲ್ಲಿ ಕೆಳಮನೆಯವರು, ಓಣಿಗೆಲ್ಲ 'ಮಾವ' ಆದವರು, ಹತ್ತಿ ಬಂದರು. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು, ಬೇರೆಯವರು ಏನು ಮಾಡಿದರೂ ಅವರಿಗೆ ನಿಧಾನ. "ಇದರಲ್ಲಿ ಬೆಂಕಿ ಎಲ್ಲಯ್ಯಾ?" ಅಂದರು, ಉಪ್ಪು ಹಿಡಿದು ಬಂದ ಗಡಿಬಿಡಿಯನ್ನು ನೋಡಿ.

"ಇದು ಕಣ್ಣಿಗೆ ಕಾಣಲ್ಲ ಮಾವ. ಒಳಗೇ ಇರುತ್ತೆ."

"ಅದೇನು, ನಮ್ಮ ಮನೆಯವಳ ಸಿಟ್ಟಾ?"

ಉತ್ತರ ಕೊಡಲು ಪುರಸೊತ್ತಿಲ್ಲ. ಎಣ್ಣೆ ಸವರುವ ಬ್ರಷ್ ಬೇಕಿತ್ತು, ಓಡಿದ. ಬ್ರಷ್ ತಂದ, ಇಕ್ಕಳ ಇಲ್ಲ, ಮತ್ತೆ ಓಡಿದ. ಪಕ್ಕದ ತಾರಸಿಯಿಂದ ಟೀಚರಮ್ಮ ಗೋಡೆ ದಾಟಿ ಬಂದರು. ಅವನ ಅತ್ತೆ, ಹೆಂಡತಿಯ ತಾಯಿ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಇಕ್ಕಳದೊಂದಿಗೆ ವಾಪಸ್ ಬರುವ ಹೊತ್ತಿಗೆ ತೆನೆಗಳು ಮಸಿಕಡ್ಡಿಗಳಾಗಿದ್ದವು.

"ತರಿಸೋಕೆ ಲಾಯಕ್ಕಿಲ್ಲ ಬಿಡಿ," ಅಂದರು ಟೀಚರಮ್ಮ, ಸೊನ್ನೆ ಹಾಕಿದ ಗತ್ತಿನಲ್ಲಿ.

"ಅಳಿಯಂದಿರೇ, ಸ್ವಲ್ಪ ಹದವಾಗಿ ಇಡಬಾರದಿತ್ತಾ?" ಅಂದರು ಅತ್ತೆ.

ಅವನು ಮಸಿ ಕೊಡವಿದ. ಮತ್ತೆ ಹದ ಮಾಡಿ, ಈ ಸಲ ಆಲೂಗಡ್ಡೆ ಬಿಲ್ಲೆ ಹರಡಿದ. ತಟ್ಟೆ ತರಲು ಇಳಿದ, ಕೈಯೊರಸುವ ಬಟ್ಟೆಗೆ ಇಳಿದ, ಯಜಮಾನರು ಬಂದರೇನೋ ಅಂತ ಗೇಟು ನೋಡಲು ಸುಮ್ಮನೆ ಒಂದು ಸಲ ಇಳಿದ. ಎಷ್ಟೋ ಹೊತ್ತಾದ ಮೇಲೆ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡರೆ, ಕರಕ್! ಹಲ್ಲಿಗೆ ಹಸಿ ಆಲೂಗಡ್ಡೆ.

"ಮೊದಲು ಬೂದಿ, ಈಗ ತರಕಾರಿ ಅಂಗಡಿ!" ಅಂದರು ಮಾವ. "ಗೇರು ಬೀಳದ ಗಾಡಿ ಕಣಯ್ಯ ಇದು. ವಾಪಸ್ ಕಳಿಸು."

ಗಡಿಬಿಡಿ ನೀರಿನ ಟ್ಯಾಂಕಿಗೆ ಒರಗಿ ಕುಸಿದ. ಇಂಥದ್ದನ್ನು ತರಿಸಿ ಅಂದರೆ ಪ್ರತಿಯೊಂದೂ ತನ್ನ ಕೌಂಟರಿಗೇ ಮರಳಿ ಬರುತ್ತದೆ. ಬೇಡ ಅನ್ನೋಣವೆಂದರೆ, ಬೇರೆ ಕಡೆ ಇದು ಚೆನ್ನಾಗಿ ಮಾರಾಟವಾದರೆ ತನ್ನ ಗತಿ? ಜನ ಇಳಿದು ಹೋದ ಮೇಲೆ ಹೆಂಡತಿ ಬಂದು ಪಕ್ಕ ಕೂತಳು.

"ರೀ, ಗ್ರಿಲ್ಲಿನದೇನೂ ತಪ್ಪಿಲ್ಲ. ನೀವು ಕೆಳಗಿಳಿದ್ರಲ್ಲ, ಮಾವ ಉರಿ ಕಾಣಲ್ಲ ಅಂತ ನಾಬ್ ಜಾಸ್ತಿ ಮಾಡಿದ್ರು. ಟೀಚರಮ್ಮ ಇನ್ನಷ್ಟು ಮಾಡಿದ್ರು. ಅಮ್ಮ ಇನ್ನೂ ಒಂದು ಸುತ್ತು. ಸೀದು ಹೋಯ್ತಲ್ಲ, ಎರಡನೇ ಸಲ ಪಾಪ ಅಂತ ಮೂರೂ ಜನ ಒಬ್ಬರಾದ ಮೇಲೊಬ್ಬರು ಕಡಿಮೆ ಮಾಡಿದ್ರು."

"ನೋಡ್ಕೊಂಡು ಸುಮ್ನೆ ಇದ್ಯಾ? ನಂಗೆ ಹೇಳ್ಬಾರ್ದಾ?"

"ಹೇಗೆ ಹೇಳ್ಲಿ? ನಾನೂ ಎರಡು ಸಲ ತಿರುಗಿಸಿದ್ನಲ್ಲ!"

ಗಡಿಬಿಡಿ ಎದ್ದು ನಿಂತ. ಉಳಿದದ್ದು ಕೋಳಿ ತುಂಡುಗಳು ಮಾತ್ರ. ಈ ಸಲ ಗ್ರಿಲ್ಲಿನ ಮುಂದೆ ಮಣೆ ಹಾಕಿಕೊಂಡು ಕೂತ. ಕಾಲು ಕುಣಿಯಿತು, ಕತ್ತು ತುರಿಸಿತು, ಕೆಳಗೆ ಏನೋ ಮರೆತ ಹಾಗಾಯಿತು, ಏಳಲಿಲ್ಲ. ಮಾವ ಮತ್ತೆ ಬಂದು ಕೈ ಚಾಚಿದರು, ಇಕ್ಕಳ ತೋರಿಸಿದ. "ನಲವತ್ತು ಸೀಟಿನ ಬಸ್ಸು ತಿರುಗಿಸಿದ ಕೈ ಕಣಯ್ಯ ಇದು!" ಅಂತ ಮಾವ ಮುನಿಸಿಕೊಂಡರು. ಟೀಚರಮ್ಮ ಮಾತು ಬಿಟ್ಟರು. "ಮಗಳನ್ನೇ ಕೊಟ್ಟೆ, ಒಂದು ನಾಬ್ ಮುಟ್ಟೋ ಹಾಗಿಲ್ವಾ?" ಅಂತ ಅತ್ತೆ ಸೆರಗಿನಲ್ಲಿ ಮೂಗೊರೆಸಿದರು. ಗಡಿಬಿಡಿ ಕಲ್ಲಾಗಿ ಕೂತಿದ್ದ, ಕುಣಿಯುವ ಕಲ್ಲು.

ಸಂಜೆ ಯಜಮಾನರು ತಾರಸಿ ಹತ್ತಿದಾಗ ಕೋಳಿ ಹೊಂಬಣ್ಣಕ್ಕೆ ತಿರುಗಿತ್ತು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಯಜಮಾನರು ಒಂದು ತುಂಡು ತಿಂದರು, ಕಣ್ಣು ಮುಚ್ಚಿದರು, ಇನ್ನೊಂದು ತಿಂದರು.

"ಹೇಳು, ತರಿಸ್ಲಾ?"

"ಕಣ್ಣು ಮುಚ್ಚಿ ತರಿಸಿ ಸಾರ್. ಯಂತ್ರ ಬಂಗಾರ. ಆದ್ರೆ ಜನ ಉರಿ ಕಾಣದೆ ಸುಮ್ನಿರಲ್ಲ, ನಾಬ್ ತಿರುಗಿಸ್ತಾರೆ. ಯಾರಾದ್ರೂ ಪಕ್ಕದಲ್ಲಿ ಕೂತು ಕಾಯ್ಬೇಕು, ಅಷ್ಟೇ." ಅಂದು, ಬೆಳಗಿನಿಂದ ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ.

ಯಜಮಾನರು ಬೆರಳು ಚೀಪುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ಆಮೇಲೆ ಬೆನ್ನು ತಟ್ಟಿದರು.

"ಭೇಷ್! ಯಂತ್ರಾನೂ ತೂಗಿದೆ, ಜನರನ್ನೂ ತೂಗಿದೆ. ಲಾರಿ ತುಂಬ ತರಿಸ್ತೀನಿ. ನಾಳೆಯಿಂದ ನೀನು ಆ ಕೌಂಟರಲ್ಲಿ ಕೂರೋ ಹಾಗಿಲ್ಲ!"

ಗಡಿಬಿಡಿಯ ಕಣ್ಣಲ್ಲಿ ನೀರು ಬಂತು. ಹೆಂಡತಿ ಬಾಗಿಲ ಹಿಂದೆ ನಿಂತು ನಕ್ಕಳು. ಅವನು ಕೇಳಿದ: "ಹಾಗಾದ್ರೆ ಎಲ್ಲಿ ಕೂರ್ಲಿ ಸಾರ್?"

"ನೀನೇ ಹೇಳಿದ್ಯಲ್ಲ! ಗ್ರಿಲ್ ತಗೊಂಡೋರ ಮನೇಲಿ. ಒಂದೊಂದು ಗ್ರಿಲ್ಲಿಗೆ ಒಂದೊಂದು ಇಡೀ ದಿನ, ನಾಬ್ ಪಕ್ಕ. ಅವರ ಅತ್ತೆ, ಮಾವ, ನೆರೆಹೊರೆ ಯಾರೂ ಮುಟ್ಟದ ಹಾಗೆ ನೋಡ್ಕೋಬೇಕು."

ಇಷ್ಟು ದಿನ ಬೈಯುವವರೇ ಗಡಿಬಿಡಿಯ ಹತ್ತಿರ ಬರುತ್ತಿದ್ದರು. ಇನ್ನು ಮೇಲೆ ಅವರಿಗೆ ಬರುವ ತೊಂದರೆ ಇಲ್ಲ, ಅವನೇ ಹೋಗುತ್ತಾನೆ.