ಓಣಿಗೆ ಬಂದ ಹಾಲಿವುಡ್

ನಾನು ಒಂದು ಹಳೇ ಸಿನಿಮಾ ಹಚ್ಚಿದರೆ ಸಾಕು, ಟೀವಿಯೊಳಗೆ ಆಗುವುದಕ್ಕಿಂತ ದೊಡ್ಡ ಸಿನಿಮಾ ನಮ್ಮ ಪಡಸಾಲೆಯಲ್ಲಿ ಆಗಿಬಿಡುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಬೇರೆ ಏನಾದರೂ ಹೇಳಿದರೆ ನಂಬಬೇಡಿ.

ರೋಣದಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದು ನಿವೃತ್ತನಾದವನು ನಾನು. ಹಳೇ ಹಾಲಿವುಡ್ಡಿನ ಹಾಡು ಕುಣಿತದ ಸಿನಿಮಾಗಳೆಂದರೆ ನನಗೆ ಜೀವ. ಕೋಟು ಟೋಪಿಯವನು ಮಾತಾಡುತ್ತ ಮಾತಾಡುತ್ತಲೇ ಹಾಡಲು ಶುರು ಮಾಡುತ್ತಾನೆ. ಬೀದಿಯಲ್ಲಿ ಹೋಗುವವರೆಲ್ಲ ಅವನ ಜೊತೆ ಹೆಜ್ಜೆ ಹಾಕುತ್ತಾರೆ. ಕೊನೆಗೆ ಎಲ್ಲರಿಗೂ ಒಳ್ಳೆಯದಾಗುತ್ತದೆ. ಎಲ್ಲರಿಗೂ ಒಳ್ಳೆಯದಾಗುವುದನ್ನು ವಾರಕ್ಕೊಮ್ಮೆಯಾದರೂ ಕಣ್ಣಾರೆ ನೋಡಬೇಕು ಅನ್ನುವವನು ನಾನು. ಹಾಗಾಗಿ ಭಾನುವಾರ ಊಟವಾದ ಮೇಲೆ ಮೂರು ಗಂಟೆಗೆ ನಮ್ಮ ಮನೆಯಲ್ಲಿ ಪ್ರದರ್ಶನ. ಟೀವಿಯ ಪಕ್ಕ ನಿಂತು ಎಲ್ಲವನ್ನೂ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ಬಿಡುವಿದ್ದಾಗ ಓಣಿಯ ಹೆಂಗಸರೆಲ್ಲ ಬರುತ್ತಾರೆ, ತಪ್ಪದೆ ಬರುವವರು ಮಾತ್ರ ಇಬ್ಬರು. ಒಬ್ಬರು ಮೂಲೆಯಂಗಡಿಯ ದರ್ಜಿ ಚಾಚಾ, ಇನ್ನೊಬ್ಬರು ಎದುರುಮನೆಯ ಅಕ್ಕಾವರು. ಅಕ್ಕಾವರನ್ನು ನಾನೇ ಒತ್ತಾಯ ಮಾಡಿ ಕರೆದದ್ದು. ಅವರ ಮಗಳು ದವಾಖಾನೆಯಲ್ಲಿ ನರ್ಸ್. ಹುಡುಗಿಯನ್ನು ನೋಡಲು ಮೂರು ಕಡೆಯವರು ಬಂದು, ಉಪ್ಪಿಟ್ಟು ತಿಂದು, ಹಾಡು ಹೇಳಿಸಿ, ‘ತಿಳಸ್ತೀವ್ರಿ’ ಎಂದು ಹೋದವರು ಏನನ್ನೂ ತಿಳಿಸಲಿಲ್ಲ. ಮೂರನೆಯವರು ಎರಡು ಹಾಡು ಹೇಳಿಸಿದ್ದರು. ಅವತ್ತು ಹುಡುಗಿ ತಾಯಿಗೆ ಖಡಾಖಂಡಿತ ಹೇಳಿದಳು: “ಇನ್ನೊಮ್ಮೆ ಯಾರರೆ ಹಾಡ ಅನ್ನು ಅಂದ್ರ ಎದ್ದ ಹೊಕ್ಕೀನಿ. ಮದುವೀನ ಬ್ಯಾಡ ನನಗ.” ಅಂದಿನಿಂದ ಆ ಮನೆಯಲ್ಲಿ ನಗು ಕೇಳಿಸಿರಲಿಲ್ಲ. ನನಗೆ ಅದು ಭಾಳ ಸಂಕಟದ ಸಂಗತಿಯಾಗಿತ್ತು.

ಗುಟ್ಟು

ಮೊದಲನೇ ಭಾನುವಾರವೇ ನಾನು ಸಿಕ್ಕಿಬಿದ್ದೆ. ಸಿನಿಮಾದ ನಾಯಕ ನಾಯಕಿಯ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಮುಂದೆ ಏನಾಗುತ್ತದೆಂದು ನನಗೆ ಗೊತ್ತು. ಪಡಸಾಲೆಯ ತುಂಬ ಹೆಣ್ಣುಮಕ್ಕಳು. ಅವಸರದಲ್ಲಿ “ಏನೋ ಒಂದ ಗುಟ್ಟ ಹೇಳಾಕತ್ತಾನ್ರಿ” ಅಂದುಬಿಟ್ಟೆ.

ಅಕ್ಕಾವರು ಕುತ್ತಿಗೆ ಮುಂದೆ ಮಾಡಿ ನೋಡಿದರು. “ಗುಟ್ಟ ಹೇಳೂ ಮುಂದ ಕಣ್ಣ ಯಾಕ ಮುಚ್ಯಾರ್ರಿ ಮಾಸ್ತರ?”

ನಾನು ರಿಮೋಟು ಹುಡುಕತೊಡಗಿದೆ. ಚಾಚಾ ಗಡ್ಡ ಸವರಿಕೊಳ್ಳುತ್ತ, “ದೊಡ್ಡ ಗುಟ್ಟ ಇರಬೇಕ್ರಿ ಅಕ್ಕಾರ” ಎಂದು ನನ್ನನ್ನು ಕಾಪಾಡಿದರು.

ಆದರೆ ಆ ನಾಯಕ ಮಹಾಶಯ ಅಷ್ಟಕ್ಕೇ ಬಿಡಲಿಲ್ಲ. ತೋಟದಲ್ಲಿ ಒಂದು ಗುಟ್ಟು, ಹಡಗಿನ ಮೇಲೆ ಎರಡು, ರೈಲು ಬಿಡುವಾಗ ಒಂದು ಉದ್ದನೆಯದು. ಸಿನಿಮಾ ಮುಗಿದಾಗ ಅಕ್ಕಾವರು ಮೊಣಕಾಲು ಹಿಡಿದುಕೊಂಡು ಎದ್ದು ನಿಟ್ಟುಸಿರು ಬಿಟ್ಟರು. “ಇಷ್ಟ ಗುಟ್ಟ ಇಟಗೊಂಡಾವನ ಕೂಡ ಸಂಸಾರ ಹ್ಯಾಂಗ ಮಾಡ್ತಾಳೋ ಏನೋ, ಪಾಪ.”

ಹದಿನೆಂಟು ಮೀಟರ್

ಚಾಚಾ ಕಥೆ ನೋಡುವುದಿಲ್ಲ, ಬಟ್ಟೆ ನೋಡುತ್ತಾರೆ. ನಾಯಕಿ ಅಳಲಿ, ನಗಲಿ, ಅವರ ಕಣ್ಣು ಹೊಲಿಗೆಯ ಮೇಲೆ. ಒಂದು ಸಿನಿಮಾದಲ್ಲಿ ನಾಯಕಿ ಮೆಟ್ಟಿಲ ಮೇಲಿಂದ ಗಿರಗಿರ ತಿರುಗುತ್ತ ಇಳಿದಳು. ಅವಳ ಫ್ರಾಕು ಕೊಡೆಯ ಹಾಗೆ ಬಿಚ್ಚಿಕೊಂಡಿತು. ಕೆಳಗೆ ನಾಯಕ ಉಂಗುರ ಹಿಡಿದು ಮೊಣಕಾಲೂರಿ ಕುಳಿತಿದ್ದ. ಹೂಂ ಅನ್ನುತ್ತಾಳೋ ಉಹೂಂ ಅನ್ನುತ್ತಾಳೋ ಎಂದು ಎಲ್ಲರೂ ಉಸಿರು ಹಿಡಿದಿದ್ದರು.

“ಮಾಸ್ತರ, ನಿಂದ್ರಸ್ರಿ, ಲಗೂ ನಿಂದ್ರಸ್ರಿ” ಅಂದರು ಚಾಚಾ.

ನಿಲ್ಲಿಸಿದೆ. ಅವರು ಕೊರಳಲ್ಲಿದ್ದ ಟೇಪು ತೆಗೆದು ಟೀವಿಗೇ ಹಿಡಿದು, ಬೆರಳು ಮಡಚಿ ಲೆಕ್ಕ ಹಾಕಿದರು. ಹೆಂಗಸರು ಬೈಯತೊಡಗಿದರು. ಉಂಗುರದವನು ಅಷ್ಟು ಹೊತ್ತೂ ಮೊಣಕಾಲ ಮೇಲೆಯೇ ಇದ್ದ. ಕೊನೆಗೆ ಚಾಚಾ, “ಹದಿನೆಂಟ ಮೀಟರ್. ಒಂದ ತುಸು ಕಡಿಮಿ ಆದ್ರೂ ಹಿಂಗ ಬಿಚ್ಚಂಗಿಲ್ಲ” ಎಂದು ತೀರ್ಪು ಕೊಟ್ಟು ಕೂತರು.

ರಮಜಾನ್ ಹಬ್ಬಕ್ಕೆ ಮೊಮ್ಮಗಳಿಗೆ ಅಂಥದೇ ಫ್ರಾಕು ಹೊಲಿದರು. ಖರೇ ಹೇಳುತ್ತೇನೆ, ಅಷ್ಟು ಚಂದದ ಬಟ್ಟೆಯನ್ನು ನಮ್ಮ ಓಣಿ ನೋಡಿರಲಿಲ್ಲ. ಹುಡುಗಿ ತಿರುಗಿದರೆ ಅಂಗಳದ ಧೂಳೆಲ್ಲ ತಾನೇ ಗುಡಿಸಿ ಹೋಗುತ್ತಿತ್ತು. ಕಷ್ಟವಾದದ್ದು ಬೀಗರ ಮನೆಗೆಂದು ಗಜೇಂದ್ರಗಡಕ್ಕೆ ಹೊರಟಾಗ. ಟಂಟಂ ಆಟೋದಲ್ಲಿ ಅವಳು ಕೂತ ಕೂಡಲೇ ಮೊದಲೇ ಕೂತಿದ್ದ ನಾಲ್ಕು ಜನ ಕಾಣದಂತಾದರು. ಟಂಟಂನವನು ಇಳಿದು ಬಂದು ಬಹಳ ಮರ್ಯಾದೆಯಿಂದಲೇ ಹೇಳಿದ: “ಚಾಚಾ, ಹುಡುಗಿ ಇದರಾಗ ಬರ್ಲಿ, ಅಂಗಿ ಹಿಂದಿನ ಗಾಡಿಯಾಗ ಬರ್ಲಿ.”

ನಳದ ನೀರು

ಒಂದು ಭಾನುವಾರ ಅಕ್ಕಾವರ ಮಗಳು ಡ್ಯೂಟಿ ಮುಗಿಸಿ ಕೀಲಿಕೈ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. ಟೀವಿಯಲ್ಲಿ ನಾಯಕ ಕಿಟಕಿಯ ಕೆಳಗೆ ನಿಂತು ಹಾಡುತ್ತಿದ್ದ. ನಾಯಕಿ ಮೇಲೆ ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತಿದ್ದಳು.

“ನಿನ್ನ ಸಲುವಾಗಿ ಚಂದ್ರನ್ನ ಇಳಿಸಿ ತರ್ತೀನಿ ಅಂತಾನ್ರಿ” ಎಂದೆ ನಾನು, ಸ್ವಲ್ಪ ರಾಗವಾಗಿಯೇ.

“ಚಂದ್ರ ಅಲ್ಲೇ ಇರ್ಲಿ. ನಳಾ ಬಂದಾಗ ನೀರ ಹಿಡೀತಾನೇನು ಕೇಳ್ರಿ” ಅಂದರು ಅಕ್ಕಾವರು.

ಅಷ್ಟೂ ಹೆಂಗಸರು ನನ್ನತ್ತ ನೋಡಿದರು. ನಾಯಕನ ಮರ್ಯಾದೆ ನನ್ನ ಕೈಯಲ್ಲಿತ್ತು. “ಹಿಡೀತಾನಂತ್ರಿ” ಅಂದೆ.

ಮಗಳು ಬಾಗಿಲಲ್ಲಿ ನಿಂತೇ, “ಅಲ್ಲಿ ನೋಡವ್ವ, ಹಾಡಾಂವ ಗಂಡಸು. ಆಕಿ ಬರೇ ಕೇಳ್ತಾಳ. ಚಲೋ ಊರು” ಎಂದು ಕೀಲಿಕೈ ತೆಗೆದುಕೊಂಡು ಹೋದಳು. ಅಕ್ಕಾವರು ಆಮೇಲೆ ಸಿನಿಮಾ ನೋಡಲಿಲ್ಲ. ಮುಗಿದ ಮೇಲೂ ಕೂತೇ ಇದ್ದರು. ನಾನು ಸಮಾಧಾನ ಹೇಳಬೇಕೆಂದು ಹತ್ತಿರ ಹೋದರೆ ಕೇಳಿದರು: “ಮಾಸ್ತರ, ಆ ಊರಾಗ ನೀರ ಎಷ್ಟ ದಿನಕ್ಕೊಮ್ಮೆ ಬಿಡ್ತಾರ್ರಿ?”

ನಾಲ್ಕನೆಯವರು

ಎರಡು ತಿಂಗಳ ಮೇಲೆ ಒಂದು ಸಂಜೆ ನರಗುಂದದಿಂದ ನಾಲ್ಕನೆಯವರು ಬಂದರು. ವರ ಕರೆಂಟ್ ಲೈನ್‌ಮನ್, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡಲು ಸೋದರತ್ತೆ ಬಂದಿದ್ದರು. ಹಿರಿಯನೆಂದು ನನ್ನನ್ನೂ ಕರೆದಿದ್ದರು. ಉಪ್ಪಿಟ್ಟಾಯಿತು, ಚಹಾ ಬಂತು. ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಲೇ ಇದ್ದೆ, ಆದರೂ ಸೋದರತ್ತೆ ಕೇಳಿಯೇಬಿಟ್ಟರು.

“ಒಂದ ಹಾಡ ಅನ್ನವ್ವಾ ತಂಗಿ.”

ಹುಡುಗಿ ನೆಲಕ್ಕೆ ಕೈಯೂರಿದಳು. ಏಳುತ್ತಾಳೆಂದು ನನಗೆ ಗೊತ್ತಾಯಿತು. ಅವಳಿಗಿಂತ ಮೊದಲು ಅಕ್ಕಾವರು ಬಾಯಿ ತೆರೆದರು.

“ಮೊದಲ ನಿಮ್ಮ ಹುಡುಗ ಹಾಡ್ಲಿ.”

ಸೋದರತ್ತೆ ಚಹಾದ ಬಸಿ ಕೆಳಗಿಟ್ಟರು. “ಇಂಥಾದ್ದು ಎಲ್ಲ್ಯರೆ ಕೇಳೀರೇನ್ರಿ?”

“ಕೇಳೇನ್ರಿ, ನೋಡೇನ್ರಿ. ಹಾಲಿವುಡ್‌ನಾಗ ಇದ ಪದ್ಧತಿ. ಬೇಕಾದ್ರ ಮಾಸ್ತರನ್ನ ಕೇಳ್ರಿ.”

ಎಲ್ಲರೂ ನನ್ನನ್ನು ನೋಡಿದರು. ಅಲ್ಲ ಅಂದರೆ ಹುಡುಗಿ ಎದ್ದು ಹೋಗುತ್ತಾಳೆ, ಹೌದು ಅಂದರೆ ಬಂದವರು ಎದ್ದು ಹೋಗುತ್ತಾರೆ. ಹುಡುಗಿಯ ಮುಖ ನೋಡಿದೆ. “ಹೌದ್ರಿ. ದೊಡ್ಡ ದೊಡ್ಡ ಮನಿತನದಾಗೂ ಹಂಗ ಐತ್ರಿ” ಅಂದೆ. ಕಲಿಸುವಾಗ ಕೂಡ ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ.

ಲೈನ್‌ಮನ್ ಹಣೆ ಒರೆಸಿಕೊಂಡು ಎದ್ದು ನಿಂತ. “ಖರೇ ಐತ್ರಿ, ಆಕಿ ಒಬ್ಬಾಕಿನ ಯಾಕ ಹಾಡಬೇಕು” ಅಂದ. ಆಮೇಲೆ ತಲೆ ಕೆರೆದುಕೊಂಡ. “ಆದ್ರ ನನಗ ಹಾಡ ಬರಂಗಿಲ್ರಿ. ದಿನಾ ಮುಂಜಾನೆ ಕೇಳಿ ಕೇಳಿ ಒಂದ ಬಾಯಿಪಾಠ ಆಗೇತಿ.”

“ಅದನ್ನ ಅನ್ರಿ” ಅಂದರು ಅಕ್ಕಾವರು.

ಅವನು ಕಣ್ಣು ಮುಚ್ಚಿ ಶುರು ಮಾಡಿದ. ಕಂಬದ ಮೇಲಿಂದ ಕೂಗಿ ಕೂಗಿ ಪಳಗಿದ ದನಿ. ಹಸಿ ಕಸ ಬೇರೆ ಇಡಿ, ಒಣ ಕಸ ಬೇರೆ ಇಡಿ ಎಂದು ಸಾರುತ್ತ ಬರುವ ಕಸದ ಗಾಡಿಯ ಹಾಡು ಅದು. ನಡುವೆ ಬರುವ ವಾದ್ಯವನ್ನೂ ಬಾಯಿಯಲ್ಲೇ ಬಾರಿಸಿದ. ಸೋದರತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹೊರಗೆ ಧಡಧಡ ಸಪ್ಪಳವಾಯಿತು. ನೋಡಿದರೆ ಬಾಗಿಲಲ್ಲಿ ಓಣಿಯ ಐದಾರು ಹೆಂಗಸರು, ಎಲ್ಲರ ಕೈಯಲ್ಲೂ ಕಸದ ಬಕೆಟ್ಟು.

“ಸಂಜೀಕ್ಯಾಕ ಬಂತ್ರಿ ಗಾಡಿ?” ಎಂದಳು ಮುಂದಿನವಳು, ಏದುಸಿರು ಬಿಡುತ್ತ.

ಅಷ್ಟು ತಿಂಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೋಡುತ್ತ ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ‘ತಿಳಸ್ತೀವಿ’ ಅನ್ನುವುದಕ್ಕೂ ಕಾಯದೆ, ಅವಳು ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿ ಹೇಳಿದಳು:

“ಗಾಡಿ ಅಲ್ರಿ ಕಾಕು, ನಮ್ಮ ಮನಿಯವರು ಹಾಡಾಕತ್ತಾರ.”